ನಾಲ್ಕು ಗಂಟೆಯ ತಗ್ಗು

ನಮ್ಮ ಅಡುಗೆಮನೆಯಲ್ಲಿ ಈಗ ಮೊಸರು ಕೂಡ "ಪೀಂ" ಎಂದು ಕೂಗಿ ಕರೆಯುತ್ತದೆ. ಮಗಳು ಹುಬ್ಬಳ್ಳಿಯಿಂದ ತಂದುಕೊಟ್ಟ, ಮೊಸರು ಮಾಡುವ ಬಿಳಿ ಡಬ್ಬಿ ಅದು. ಹಾಲು ಸುರಿದು, ಹೆಪ್ಪು ಹಾಕಿ, ಗುಂಡಿ ಒತ್ತಿದರೆ ಮುಗಿಯಿತು. ನಲವತ್ತೆರಡು ಎಂಬ ಕೆಂಪು ಅಂಕಿ ತೋರಿಸುತ್ತ ತಣ್ಣಗೆ ಕೂತುಬಿಡುತ್ತದೆ. ಕಳೆದ ವಾರ ಅದು ಮೊದಲ ಸಲ ಕೂಗಿದಾಗ ನಾನು ಓದುತ್ತಿದ್ದ ಪೇಪರು ಎಸೆದು ಒಳಗೆ ಓಡಿದೆ.

"ಯಾಕ್ರಿ, ಮನಿಗೆ ಬೆಂಕಿ ಬಿತ್ತೇನು?" ಎಂದಳು ನನ್ನ ಹೆಂಡತಿ ನೀಲಾ.

ಬೆಂಕಿ ಬಿದ್ದಿರಲಿಲ್ಲ. ಇದೇ ನಲವತ್ತೆರಡು ಡಿಗ್ರಿಗಾಗಿ ಒಂದು ಕಾಲಕ್ಕೆ ನಾನು ಪಟ್ಟ ಪಾಡು ನೆನಪಾಗಿ, ಕಾಲುಗಳು ತಾವಾಗಿಯೇ ಓಡಿದ್ದವು. ಕೂತುಕೊಳ್ಳಿ, ಹೇಳುತ್ತೇನೆ. ನಗುವುದಾದರೆ ಈಗಲೇ ಸ್ವಲ್ಪ ನಕ್ಕುಬಿಡಿ, ಮುಂದೆ ನನಗೂ ನಗಲಿಕ್ಕೆ ಜಾಗ ಬೇಕು.

ಎಂಬತ್ತರ ದಶಕ. ಅಣ್ಣಿಗೇರಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಮದುವೆಯಿಲ್ಲ, ಎರಡು ಟೆರಿಲಿನ್ ಅಂಗಿ, ಮತ್ತು ತಲೆಯ ತುಂಬ ಒಂದೇ ನಂಬಿಕೆ: ಕಾಗದದ ಮೇಲೆ ಬರೆದದ್ದು ಮಾತ್ರ ನಿಜ. ಮನೆಯಲ್ಲಿ ನಾನು ಮತ್ತು ಅವ್ವ, ಇಬ್ಬರೇ. ಅವ್ವನ ಮೊಸರಿಗೆ ಓಣಿಯಲ್ಲೆಲ್ಲ ಹೆಸರು. ಗಡಿಗೆ ಬೋರಲು ಹಾಕಿದರೂ ಬೀಳದಂಥ ಮೊಸರು. ಆದರೆ ಚಳಿಗಾಲ ಬಂತೆಂದರೆ ಹಾಲು ಮುನಿಸಿಕೊಳ್ಳುತ್ತಿತ್ತು. ಅವ್ವ ಗಡಿಗೆಗೆ ಕಂಬಳಿ ಹೊದಿಸಿ, ಒಲೆಯ ಬಾಜುವಿಗೆ ಮಲಗಿಸಿ, ಬಾಣಂತಿಗೆ ಮಾಡಿದಂತೆ ಆರೈಕೆ ಮಾಡಿದರೂ ಬೆಳಿಗ್ಗೆ ನೀರುನೀರಾಗಿಯೇ ಇರುತ್ತಿತ್ತು. ಈ ಸಂಕಟಕ್ಕೆ ವಿಜ್ಞಾನವೇ ಮದ್ದೆಂದು ನನಗೆ ಹುಕಿ ಬಂತು.

ಆಗ ಧಾರವಾಡದಲ್ಲಿ ಯಾವುದೋ ಕಚೇರಿಯವರು ಹಳೆಯ ಸಾಮಾನು ಹರಾಜು ಹಾಕಿದ್ದರು. ಅದರಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಶಾಖ ಬರೆಯುವ ಯಂತ್ರ. ಕೀಲಿ ಕೊಟ್ಟರೆ ಒಂದು ಡಬ್ಬಿ ನಿಧಾನವಾಗಿ ತಿರುಗುತ್ತದೆ, ಡಬ್ಬಿಗೆ ಗೆರೆ ಕಾಗದ ಸುತ್ತಿರುತ್ತದೆ, ಒಂದು ಮುಳ್ಳು ಅದರ ಮೇಲೆ ನೇರಳೆ ಮಸಿಯಲ್ಲಿ ದಿನವಿಡೀ ಶಾಖದ ಏರಿಳಿತ ಗೀಚುತ್ತದೆ. ಯಂತ್ರದಿಂದ ನಾಲ್ಕು ಮೊಳದ ತಾಮ್ರದ ಬಾಲವೊಂದು ಹೊರಟಿದೆ. ಬಾಲದ ತುದಿಯಲ್ಲಿ ಬೆರಳಿನಷ್ಟು ದಪ್ಪದ ಲೋಹದ ಗುಂಡು. ಆ ಗುಂಡಿಗೆ ಎಷ್ಟು ಬಿಸಿ ತಾಗುತ್ತದೋ ಮುಳ್ಳು ಅಷ್ಟು ಮೇಲೇರುತ್ತದೆ. ನಾನು ಒಂದು ತಗಡಿನ ಟ್ರಂಕಿನೊಳಗೆ ಬಲ್ಬು ಕಟ್ಟಿದೆ. ಮುಳ್ಳಿನ ದಾರಿಯಲ್ಲಿ ನಲವತ್ತೆರಡರ ಹತ್ತಿರ ಒಂದು ತಂತಿ ನಿಲ್ಲಿಸಿದೆ. ಮುಳ್ಳು ತಂತಿಗೆ ತಾಗಿದ ಕೂಡಲೇ ರಿಲೇ ಎಂಬ ತಾನೇ ಒತ್ತಿಕೊಳ್ಳುವ ಸ್ವಿಚ್ಚು "ಟಕ್" ಎಂದು ಬಲ್ಬು ಆರಿಸುತ್ತದೆ, ಕೆಳಗಿಳಿದರೆ ಮತ್ತೆ "ಟಕ್" ಎಂದು ಹಚ್ಚುತ್ತದೆ. ಟ್ರಂಕಿನೊಳಗೆ ಗಡಿಗೆ, ಗಡಿಗೆಯ ಮಗ್ಗುಲಿಗೆ ಗುಂಡು. ಅಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ, ಕೈ ಸ್ವಲ್ಪ ಉಳುಕಿತು.

ಅವ್ವ ಮೂಗು ಮುರಿದಳು. "ಲೇ ತಮ್ಮಾ, ಇದು ಎಲ್ಲೆಲ್ಲಿ ಬಿದ್ದು ಬಂದೈತೋ ಏನೋ. ಹಾಲಿನ ಬಾಜೂಕ ಇಡಬ್ಯಾಡ." ನಾನು ಗುಂಡನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೆ. ಅವ್ವ ಅದಕ್ಕೆ ವಿಭೂತಿ ಹಚ್ಚಿದ ಮೇಲೆಯೇ ಒಳಗೆ ಬಿಟ್ಟುಕೊಂಡಳು. ಎರಡು ವಾರ ಮೊಸರು ಕಲ್ಲಿನಂತೆ ಕೂತಿತು. ಆಮೇಲೆ ರಿಲೇ ಟಕ್ ಎಂದಾಗಲೆಲ್ಲ "ಲಟಿಗಿ ಮುರೀತು ನೋಡ, ನಿನ್ನ ಮಷೀನು" ಎಂದು ಅವಳೇ ಮುದ್ದು ಮಾಡತೊಡಗಿದಳು.

ಆ ಹೊತ್ತಿಗೆ ಸರಿಯಾಗಿ ನಮ್ಮ ಕಾಕಾ ಒಂದು ಸಂಬಂಧ ತಂದ. ಗುಡಗೇರಿಯ ಕಾಳಿನ ವ್ಯಾಪಾರದ ಸಾವಕಾರರ ಮಗಳು ನೀಲಾ. ನೋಡಲು ಹೋದಾಗ ಅವಲಕ್ಕಿಯ ತಾಟು ಇಡುತ್ತ ಅವಳು ಒಂದೇ ಸಲ ನನ್ನತ್ತ ನೋಡಿದಳು. ಅಷ್ಟೇ, ನಾನು ಮುಗಿದೇ ಹೋದೆ. ಆ ವಾರ ಒಂಬತ್ತನೇ ತರಗತಿಗೆ ಶಾಖದ ಪಾಠ ಎರಡು ಸಲ ಮಾಡಿದೆ. ಹುಡುಗರು ಎರಡೂ ಸಲ ಸುಮ್ಮನೆ ಬರೆದುಕೊಂಡರು.

ಆದರೆ ಸಾವಕಾರರು ಮನೆ ನೋಡದೆ ಮಾತು ಕೊಡುವವರಲ್ಲ. ಅವರು ಮನೆ ನೋಡುವುದು ಮೊಸರಿನಲ್ಲಿ. ನೀರು ಮೊಸರು ಬಡಿಸಿದರೆಂದು ಈ ಮೊದಲು ಎರಡು ಸಂಬಂಧ ಬಿಟ್ಟಿದ್ದರಂತೆ. "ರವಿವಾರ ಊಟಕ್ಕ ಬರ್ತಾರ. ಮೊಸರು ಕೈ ಕೊಟ್ರ ಹುಡುಗಿ ಕೈ ತಪ್ತಾಳ, ಹುಷಾರ್!" ಎಂದು ಕಾಕಾ ಬೆದರಿಸಿದ. ಅವ್ವ ಅಂದೇ ಎಮ್ಮೆ ಹಾಲಿಗೆ ಹೇಳಿ ಬಂದಳು.

ರವಿವಾರ ನಸುಕಿನಲ್ಲಿ ಅವ್ವ ಹೆಪ್ಪು ಹಾಕಿದಳು, ನಾನು ಬಲ್ಬು ಹಚ್ಚಿ ಬಾಳೆ ಎಲೆ ತರಲು ಪೇಟೆಗೆ ಹೋದೆ. ಬಂದು ನೋಡುತ್ತೇನೆ, ಕಾಗದದ ಮೇಲೆ ಮುಳ್ಳು ಪಟ್ಟಿ ಹಿಡಿದು ಎಳೆದಂಥ ಗೆರೆ ಬರೆಯುತ್ತಿದೆ! ದಿನಾಲೂ ಬಲ್ಬು ಹತ್ತಿ ಆರಿ ಗರಗಸದ ಹಲ್ಲಿನಂತೆ ಬರುತ್ತಿದ್ದ ಗೆರೆಯಲ್ಲಿ ಇಂದು ಒಂದು ಹಲ್ಲೂ ಇಲ್ಲ. ಯಾವನಾದರೂ ಹುಡುಗ ಪ್ರಯೋಗದ ವಹಿಯಲ್ಲಿ ಇಂಥ ಗೆರೆ ಎಳೆದಿದ್ದರೆ ಕಾಪಿ ಹೊಡೆದಿದ್ದಾನೆಂದು ಕಿವಿ ಹಿಂಡುತ್ತಿದ್ದೆ. ಅಂದು ಮಾತ್ರ ಶುಭಶಕುನ ಎಂದುಕೊಂಡು ಸೀಟಿ ಹೊಡೆಯುತ್ತ ಸ್ನಾನಕ್ಕೆ ಹೋದೆ. ಟ್ರಂಕಿನ ಮುಚ್ಚಳ ಎತ್ತಿ ನೋಡುವ ಬುದ್ಧಿ ಬರಲಿಲ್ಲ.

ಹನ್ನೆರಡಕ್ಕೆ ಸಾವಕಾರರು, ಅವರ ಹೆಂಡತಿ ಬಂದರು. ಹಿಂದೆಯೇ ನೀಲಾ! "ಬಾಳೇವು ಮಾಡಾಕಿ ಅಕಿ. ಅಕೀನೂ ಮನಿ ನೋಡ್ಲಿ" ಎಂದರು ಸಾವಕಾರರು. ನನಗೆ ನೆಲ ಕಾಣಲಿಲ್ಲ. ಕಾಲು ತೊಳೆದವರನ್ನು ನೆಟ್ಟಗೆ ಅಡುಗೆಮನೆಗೇ ಕರೆದೊಯ್ದು ಯಂತ್ರ ತೋರಿಸಿದೆ. ಸಾವಕಾರರು ಮೂಗಿಗೆ ಚಾಳೀಸು ಏರಿಸಿ ಗೆರೆ ನೋಡಿದರು.

"ಗೆರಿ ಅಗದಿ ಛಲೋ ಐತ್ರಿ ಮಾಸ್ತರ. ಮೊಸರು?"

ನಾನು ಜಾದೂಗಾರನ ಹಾಗೆ ಮುಚ್ಚಳ ತೆಗೆದೆ. ಬಲ್ಬು ಆರಿತ್ತು. ಅವ್ವ ಗಡಿಗೆಯಲ್ಲಿ ಸೌಟು ಅದ್ದಿದಳು. ಬುಳುಕ್! ಬೆಳಿಗ್ಗೆ ಹಾಕಿದ ಹಾಲು ಹಾಲಾಗಿಯೇ ತಣ್ಣಗೆ ಕೂತಿತ್ತು. ಅವ್ವನ ಮುಖ ಸಣ್ಣದಾಯಿತು.

ಆಗ ಕೇಳಿತು ನೀಲಾಳ ದನಿ. "ಮಾಸ್ತರ್ರ, ನಿಮ್ಮ ಮಷೀನಿನ ಬಾಲ ದೇವರ ಕಡೆ ಹೊಂಟೈತಲ್ರಿ?"

ಎಲ್ಲರೂ ತಿರುಗಿದೆವು. ತಾಮ್ರದ ಬಾಲ ಟ್ರಂಕಿನೊಳಗೆ ಇರಲೇ ಇಲ್ಲ. ಗೋಡೆಗುಂಟ ಹರಿದು ಅಡುಗೆಮನೆಯ ಮೂಲೆಯಲ್ಲಿದ್ದ ದೇವರ ಜಗಲಿ ಏರಿತ್ತು. ಅಲ್ಲಿ ನಂದಾದೀಪದ ಮಗ್ಗುಲಲ್ಲೇ, ಮೂರು ಬೆರಳು ವಿಭೂತಿ ಹಚ್ಚಿಕೊಂಡು, ತಲೆಯ ಮೇಲೊಂದು ಸೇವಂತಿಗೆ ಹೂ ಮುಡಿದುಕೊಂಡು ನಮ್ಮ ಗುಂಡು ಕೂತಿತ್ತು!

"ಇವತ್ತ ದೊಡ್ಡ ದಿನ" ಎಂದಳು ಅವ್ವ ಮೆಲ್ಲಗೆ. "ಅದಕ್ಕೂ ದೇವರ ಆಶೀರ್ವಾದ ಇರಲಿ ಅಂತ ಇಟ್ಟಿದ್ದೆ. ತಪ್ಪಾತೇನಪಾ?"

ಯಂತ್ರ ಬೆಳಗಿನಿಂದ ದೀಪದ ಬಿಸಿ ಅಳೆದು, ಹಾಲು ಬೆಚ್ಚಗಿದೆ ಎಂದು ತಿಳಿದು, ಬಲ್ಬು ಆರಿಸಿ ಆರಾಮಾಗಿತ್ತು. ಸಾವಕಾರರ ಹೊಟ್ಟೆ ಮೊದಲು ಅಲುಗಿತು, ಆಮೇಲೆ ಹೆಗಲು, ಕಡೆಗೆ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಕ್ಕು ಮುಗಿಸಿ ಮುಖ ಒರೆಸಿಕೊಂಡು ಅಂದರು: "ನಗೂದು ಬ್ಯಾರೆ, ಸಂಬಂಧ ಬ್ಯಾರೆ. ಹೊಳ್ಳಿ ಹಚ್ರಿ. ಸಂಜಿ ಗಾಡಿ ಬರೂತನಕ ಕೂಡ್ತೀವಿ. ಮೊಸರು ನೋಡದ ನಾ ಮಾತು ಕೊಡಂಗಿಲ್ಲ."

ಹಾಲು ಬೆಚ್ಚಗೆ ಮಾಡಿ ಹೊಸ ಹೆಪ್ಪು ಹಾಕಿದ್ದಾಯಿತು. ಗುಂಡನ್ನು ಜಗಲಿಯಿಂದ ಇಳಿಸಿ ಗಡಿಗೆಯ ಮಗ್ಗುಲಿಗೆ ಇಟ್ಟವಳು ನೀಲಾ. ಬಾಳೆ ಎಲೆಯ ಮೇಲಿನ ಮಧ್ಯಾಹ್ನದ ಊಟ ಮೊಸರಿಲ್ಲದೆಯೇ ಮುಗಿಯಿತು. ಅಂದು ಕರೆಂಟು ಕೂಡ ನನ್ನ ಮೇಲೆ ಕರುಣೆ ತೋರಿ ಹೋಗಲಿಲ್ಲ. ನಾನು ಪಡಸಾಲೆಯಲ್ಲಿ ಸಾವಕಾರರ ಎದುರು ಕೂತು ಜೋಳದ ಧಾರಣೆ ಕೇಳುತ್ತಿದ್ದೆ. ಕಿವಿ ಪೂರ್ತಿ ಒಳಗಿನ ಟಕ್ ಸದ್ದಿನ ಕಡೆಗೆ. ನಾಲ್ಕೂವರೆಗೆ ತಡೆಯಲಾರದೆ ಒಳಗೆ ಹೋಗಿ ಕಾಗದ ನೋಡಿದೆ. ನಾಲ್ಕು ಗಂಟೆಗೆ ಗೆರೆ ದೊಪ್ಪನೆ ಕುಸಿದು, ಅರ್ಧ ತಾಸು ತಗ್ಗಿನಲ್ಲೇ ಬಿದ್ದು, ಈಗಷ್ಟೇ ಮೇಲೇಳುತ್ತಿತ್ತು. ಯಾರೋ ಮುಚ್ಚಳ ತೆಗೆದಿದ್ದಾರೆ! ಹಿತ್ತಲಲ್ಲಿ ಸಾವಕಾರರ ಹೆಂಡತಿಯ ಜೊತೆ ಪಲ್ಲೆ ಸೋಸುತ್ತಿದ್ದ ಅವ್ವನನ್ನು ಬದಿಗೆ ಕರೆದು ಹಲ್ಲು ಕಡಿದೆ. "ಮತ್ತ ಮುಚ್ಚಳ ತಗದೀ ಏನಬೇ?"

"ಶಿವನಾಣಿ, ಮುಟ್ಟಿಲ್ಲಪಾ" ಎಂದಳು ಅವ್ವ. ನಾನು ನಂಬಲಿಲ್ಲ. ಕಾಗದ ಸುಳ್ಳು ಹೇಳುತ್ತದೆಯೇ?

ಸಂಜೆಯ ರೈಲುಗಾಡಿ ಕೂಗಿ ಬಂತು, ಕೂಗಿ ಹೋಯಿತು. ಸಾವಕಾರರು ಜಪ್ಪಯ್ಯ ಎನ್ನಲಿಲ್ಲ. ಮೊಸರು ಹೆಪ್ಪುಗಟ್ಟಿದಾಗ ದೀಪ ಹಚ್ಚುವ ಹೊತ್ತು. ಅವರೇ ಗಡಿಗೆ ಎತ್ತಿ ಬೋರಲು ಹಿಡಿದರು. ಒಂದು ಹನಿ ಬೀಳಲಿಲ್ಲ! ರಾತ್ರಿ ಊಟಕ್ಕೆ ಕೂತು ಎರಡು ಸೌಟು ಮೊಸರು ಉಂಡರು. ಮೂರನೆಯದಕ್ಕೆ ತಾಟು ಮುಂದೆ ಚಾಚಿ ಅವ್ವನಿಗೆ ಅಂದರು:

"ಬೀಗತ್ಯಾರ, ಇನ್ನೊಂದು ಸೌಟು ಹಾಕ್ರಿ."

ಬೀಗತಿ! ನಾನು ಕೈ ತೊಳೆಯುವ ನೆಪದಲ್ಲಿ ಹಿತ್ತಲಿಗೆ ಓಡಿ, ತುಳಸಿಕಟ್ಟೆಯ ಸುತ್ತ ಮೂರು ಸಲ ಕುಣಿದೆ.

ಆಮೇಲೆ ಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ತೆರೆದಿದ್ದರೂ "ನಾಲ್ಕು ಗಂಟಿ ಆತೇನಬೇ?" ಎಂದು ಅವ್ವನನ್ನು ಕಾಡಿಸುತ್ತಿದ್ದೆ. ಪಾಪ, ಅವಳು ಹೋಗುವ ತನಕ ಶಿವನಾಣೆ ಹಾಕುತ್ತಲೇ ಇದ್ದಳು.

ಮೊನ್ನೆ ಮದುವೆಯ ಆಲ್ಬಮ್ಮಿನೊಳಗೆ ಜೋಪಾನವಾಗಿಟ್ಟಿದ್ದ ಆ ರವಿವಾರದ ಗೆರೆ ಕಾಗದ ತೆಗೆದು ನೀಲಾಳ ಮುಂದೆ ಹರಡಿದೆ. ಮೊಸರಿನ ಡಬ್ಬಿ ಬಾಜುವಿನಲ್ಲೇ ಕೆಲಸದಲ್ಲಿತ್ತು. "ಇದು ದೇವರ ದೀಪ, ಇದು ನೀ ಗುಂಡು ಇಳಿಸಿದ್ದು, ಇದು ನಮ್ಮವ್ವ ಮುಚ್ಚಳ ತಗದದ್ದು" ಎಂದು ಪಾಠ ಶುರು ಮಾಡಿದೆ.

"ಅತ್ತಿಯಾರು ತಗದಿಲ್ರಿ" ಎಂದಳು ನೀಲಾ. "ನಾ ತಗದಿದ್ದೆ. ಮುಚ್ಚಳಕ್ಕ ಸೌಟು ಆನಿಸಿ ಅರ್ಧ ತಾಸು ಬಾಜೂಕ ಕೂತಿದ್ದೆ."

"ಯಾಕ?"

"ಮೊಸರು ಲಗೂನ ಆಗಿದ್ರ ಅಪ್ಪಾ ಉಂಡು ಗಾಡಿ ಹತ್ತಿಸ್ತಿದ್ರು. ನಾವು ಬಂದಾಗಿಂದ ನೀವು ನನ್ನ ಜೋಡಿ ಒಂದು ಮಾತೂ ಆಡಿರಲಿಲ್ಲ. ಗಾಡಿ ತಪ್ಪಿದ್ರ ಆಡ್ತೀರೇನೋ ಅಂತ."

"ಆಡಿದೆನಲ್ಲ, ಊಟ ಆದಮ್ಯಾಲೆ!"

"ಆಡಿದ್ರಿ. ಒಂದು ತಾಸು. ರಿಲೇ ಬಗ್ಗೆ."

ಮೂವತ್ತು ವರ್ಷ ಮಕ್ಕಳಿಗೆ ಗ್ರಾಫ್ ಓದಲು ಕಲಿಸಿದವನು ನಾನು. ನಾಚಿಕೆಯಾಯಿತು, ನಗು ಬಂತು, ಗೋಡೆಯ ಮೇಲಿನ ಅವ್ವನ ಫೋಟೋಕ್ಕೆ ಕೈ ಮುಗಿದು "ತಪ್ಪಾತಬೇ" ಎಂದೆ. ಇಷ್ಟು ಸಂತೋಷ ಈ ವಯಸ್ಸಿಗೆ ತಡೆಯುತ್ತದೋ ಇಲ್ಲವೋ ಎಂದು ಸ್ವಲ್ಪ ಅಂಜಿಕೆಯೂ ಆಯಿತು. ಎದ್ದು ಹೋಗಿ ಬಿಳಿ ಡಬ್ಬಿಯ ಮುಚ್ಚಳ ಎತ್ತಿ, ಸಂದಿಯಲ್ಲಿ ಒಂದು ಸೌಟು ಇಟ್ಟೆ. ಕೆಂಪು ಅಂಕಿ ಒಂದೊಂದೇ ಇಳಿಯತೊಡಗಿತು.

"ಯಾಕ್ರಿ ತಗದ್ರಿ? ಮೊಸರು ತಡಾ ಆಗ್ತೈತಿ" ಎಂದಳು ನೀಲಾ.

"ಆಗಲಿ ಬಿಡ" ಎಂದೆ. "ಕೂಡು ಇಲ್ಲೆ. ನಿನ್ನ ಜೋಡಿ ಮಾತಾಡೂದೈತಿ."