ಸಿದ್ದಮ್ಮ ಮಾತಾಡಿದ ಮಧ್ಯಾಹ್ನ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಎದುರಿಗೆ ನಗದಿದ್ದರೂ ಒಳಗೊಳಗೇ ನಗುತ್ತಿದ್ದವನು ನಾನು. ಮಳವಳ್ಳಿಯ ಒಂದು ಪ್ರೌಢಶಾಲೆಯಲ್ಲಿ ಇಪ್ಪತ್ತು ವರ್ಷದಿಂದ ಸಮಾಜ ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಕಣ್ಣಾರೆ ಕಂಡೆ, ಕಿವಿಯಾರೆ ಕೇಳಿದೆ ಎನ್ನುವವರು ಒಂದೋ ನಿದ್ದೆಗೆಟ್ಟಿರುತ್ತಾರೆ, ಇಲ್ಲವೇ ಕಥೆ ಕಟ್ಟುತ್ತಾರೆ ಎಂಬುದು ನನ್ನ ತೀರ್ಮಾನವಾಗಿತ್ತು. ಈಗ ನಾನೇ ಹೇಳಹೊರಟಿದ್ದೇನೆ. ನೀವು ನಂಬಲೇಬೇಕು ಎಂಬ ಹಟವೇನಿಲ್ಲ. ಅಂದು ನಾನೂ ನಿದ್ದೆಗೆಟ್ಟಿದ್ದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಕೆಲವು ವರ್ಷಗಳ ಹಿಂದಿನ ಬೇಸಿಗೆ. ಮಂಡ್ಯದಲ್ಲಿ ಹತ್ತನೇ ತರಗತಿಯ ಉತ್ತರ ಪತ್ರಿಕೆಗಳನ್ನು ತಿದ್ದಿ ಮುಗಿಸಿ ಬಂದಿದ್ದೆ. ಕಣ್ಣು ಉರಿಯುತ್ತಿತ್ತು, ಕುತ್ತಿಗೆ ತಿರುಗುತ್ತಿರಲಿಲ್ಲ. ಎರಡು ದಿನ ಮಲಗಿಬಿಡಬೇಕು ಎಂದುಕೊಂಡಿದ್ದಾಗ ಮೈಸೂರಿನ ಸ್ನೇಹಿತರೊಬ್ಬರು ಫೋನ್ ಮಾಡಿ, ಹೊರದೇಶದ ಟೀಚರೊಬ್ಬರು ಬಂದಿದ್ದಾರೆ, ನಿಮ್ಮ ಕಡೆಯ ಬೆಟ್ಟದ ಹಳ್ಳಿಗಳನ್ನು ತೋರಿಸಿ ಎಂದರು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ.

ಆಕೆಯ ಹೆಸರು ನೀನೋ. ಜಾರ್ಜಿಯಾ ದೇಶದವರು, ಅಲ್ಲಿನ ಎತ್ತರದ ಬೆಟ್ಟಸೀಮೆಯ ಊರೊಂದರಲ್ಲಿ ಇತಿಹಾಸ ಪಾಠ ಮಾಡುವವರು. ವಯಸ್ಸು ಐವತ್ತರ ಹತ್ತಿರ. ಬೆಟ್ಟದ ಜನ ಹೇಗೆ ಬದುಕುತ್ತಾರೆ, ಸತ್ತವರಿಗೆ ಯಾಕೆ ಕಲ್ಲು ನಿಲ್ಲಿಸುತ್ತಾರೆ ಎಂದು ತಿಳಿಯಲು ರಜೆ ಹಾಕಿ ಅಷ್ಟು ದೂರ ಬಂದಿದ್ದರು. ಆಕೆಯ ಇಂಗ್ಲಿಷೂ ನನ್ನದೂ ಒಂದೇ ಮಟ್ಟದ್ದಾದ್ದರಿಂದ ಹೊಂದಿಕೆಯಾಯಿತು. ಕನ್ನಡದಲ್ಲಿ ಆಕೆಗೆ ಬರುತ್ತಿದ್ದುದು ‘ನಮಸ್ಕಾರ’, ‘ಸಾಕು’ ಎರಡೇ.

ಮೂರನೆಯ ದಿನ ಶಿವನಸಮುದ್ರದ ರಸ್ತೆಯಿಂದ ಒಳಗೆ ತಿರುಗಿ, ಬೆಟ್ಟದ ಬುಡದ ಪುಟ್ಟ ಹಳ್ಳಿಯೊಂದಕ್ಕೆ ಹೋದೆವು. ಮೇಲೆ ಹತ್ತಿ ವೀರಗಲ್ಲುಗಳನ್ನು ನೋಡಿ ಇಳಿಯುವಷ್ಟರಲ್ಲಿ ಮಟಮಟ ಮಧ್ಯಾಹ್ನ. ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ತಾಯಿ ರತ್ನಮ್ಮ ಕಂಡು, ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ಅಲ್ಲೇ ಅವರ ಅತ್ತೆ ಸಿದ್ದಮ್ಮ ಕೂತಿದ್ದರು.

ಸಿದ್ದಮ್ಮ ಮಾತು ಬಿಟ್ಟು ಮೂರು ವರ್ಷವಾಗಿತ್ತು. ಬಾಣಂತನಕ್ಕೆ ಬಂದಿದ್ದ ಮಗಳಿಗೆ ಜ್ವರ ಏರಿದ ದಿನ ಈಕೆ ಬೆಟ್ಟದ ಮೇಲೆ ಆಡು ಮೇಯಿಸುತ್ತಿದ್ದರಂತೆ. ಸುದ್ದಿ ಮುಟ್ಟಿ ಇಳಿದು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಂದಿನಿಂದ ಒಂದು ಸೊಲ್ಲೂ ಇಲ್ಲ. ಮೈಸೂರಿನ ಡಾಕ್ಟರುಗಳಿಗೆ ತೋರಿಸಿದರು. ಗಂಟಲಲ್ಲಿ ಏನೂ ತೊಂದರೆಯಿಲ್ಲ ಎಂದರಂತೆ.

ಇದನ್ನೆಲ್ಲ ಹೇಳಿ ರತ್ನಮ್ಮ ಒಳಗೆ ಹೋದರು. ನಾನು ಅದನ್ನು ನೀನೋ ಅವರಿಗೆ ಇಂಗ್ಲಿಷಿನಲ್ಲಿ ತಿಳಿಸಿ, ಕಂಬಕ್ಕೆ ಒರಗಿ ಕಣ್ಣು ಮುಚ್ಚಿದೆ. ಆಕೆ ಎದ್ದು ಸಿದ್ದಮ್ಮನ ಪಕ್ಕದಲ್ಲಿ ಕೂತರು. ಸ್ವಲ್ಪ ಹೊತ್ತಿಗೆ ತಮ್ಮದೇ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳತೊಡಗಿದ್ದು ಕೇಳಿಸಿತು. ಅದರಲ್ಲಿ ಒಂದಕ್ಷರವೂ ನನಗೆ ತಿಳಿಯಲಿಲ್ಲ. ಕಣ್ಣು ತೆರೆಯುವ ಶಕ್ತಿಯೂ ಇರಲಿಲ್ಲ.

ಆಗ ಬೇರೊಂದು ದನಿ, ತುಕ್ಕು ಹಿಡಿದ ಬಾಗಿಲು ತೆಗೆದ ಹಾಗೆ:

“ಮಂಜು ಬಿದ್ರೆ ದಾರಿ ಮುಚ್ಚೋಯ್ತದಾ ನಿಮ್ ಕಡೆ?”

ಒಳಗೆ ರತ್ನಮ್ಮನ ಕೈಯಿಂದ ಮೊರ ಬಿತ್ತು. ನಾನು ಕಣ್ಣು ಬಿಟ್ಟೆ. ನೀನೋ ನಿಲ್ಲಿಸದೆ ಹೇಳುತ್ತಲೇ ಇದ್ದರು. ಸಿದ್ದಮ್ಮ ಆಕೆಯ ಮುಖವನ್ನೇ ನೋಡುತ್ತಿದ್ದರು.

“ಒಂಬತ್ ದಿನ್ವಾ? ಅಲ್ಲೀಗಂಟ ಎಂಗ್ ಮಡಗಿದ್ರವ್ವ?”

ನೀನೋ ಇನ್ನೂ ಏನೋ ಹೇಳಿದರು. ಸಿದ್ದಮ್ಮ ತಲೆಯಾಡಿಸಿದರು.

“ಅಂಗಾರೆ ನಿನ್ ಕಾಯ್ಕಂಡೇ ಇದ್ಲು ಬುಡು ನಿಮ್ಮವ್ವ. ನನ್ ಮಗ್ಳು ಕಾಯ್ನಿಲ್ಲ ಕಣವ್ವ.”

ಅಷ್ಟೇ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರು. ರತ್ನಮ್ಮ ಓಡಿಬಂದು, “ಅತ್ತೆವ್ವಾ, ಇನ್ನೊಂದ್ ಮಾತಾಡಿ, ನನ್ ಕುಟ್ಟೆ ಒಂದ್ ಮಾತಾಡಿ” ಎಂದು ಭುಜ ಹಿಡಿದು ಎಷ್ಟು ಅಲುಗಿಸಿದರೂ ಮತ್ತೆ ಬಾಯಿ ಬಿಡಲಿಲ್ಲ.

ಮಳವಳ್ಳಿಯ ಬಸ್ ನಿಲ್ದಾಣದ ಎದುರಿನ ಹೋಟೆಲಿನಲ್ಲಿ ಕಾಫಿ ಮುಂದಿಟ್ಟುಕೊಂಡು ಕೂತಾಗ ನೀನೋ ಅವರನ್ನು ಕೇಳಿದೆ, ಅಲ್ಲಿ ಏನು ಹೇಳುತ್ತಿದ್ದಿರಿ ಎಂದು. ಆಕೆ ನಾಚಿಕೊಂಡರು. ತಮ್ಮ ತಾಯಿ ಬೆಟ್ಟದ ಮೇಲಿನ ಹಳ್ಳಿಯಲ್ಲಿ ತೀರಿಕೊಂಡಾಗ ತಾವು ಕೆಳಗೆ ಪಟ್ಟಣದಲ್ಲಿದ್ದರಂತೆ. ಹಿಮ ಬಿದ್ದು ರಸ್ತೆ ಮುಚ್ಚಿ, ಮೇಲೆ ತಲುಪಲು ಒಂಬತ್ತು ದಿನ ಹಿಡಿಯಿತಂತೆ. ಅಲ್ಲಿಯವರೆಗೆ ನೆರೆಯವರು ಹಿಂದಿನ ಕೋಣೆಯ ಕಿಟಕಿ ತೆರೆದು, ಚಳಿಯಲ್ಲಿ ಹೆಣ ಇಟ್ಟಿದ್ದರಂತೆ. “ಯಾಕೋ ಆ ಅಜ್ಜಿಗೆ ಹೇಳಬೇಕೆನಿಸಿತು. ಅವರಿಗೆ ಹೇಗೂ ಅರ್ಥವಾಗುವುದಿಲ್ಲವಲ್ಲ ಎಂಬ ಧೈರ್ಯ” ಎಂದರು. ಆಮೇಲೆ ಕೇಳಿದರು: “ಅವರು ನಡುನಡುವೆ ಏನಂದರು? ಸಾಕು ನಿಲ್ಲಿಸು ಅಂದರೇ?”

ಆಕೆಗೆ ಏನೇನೂ ತಿಳಿದಿರಲಿಲ್ಲ. ನಾನು ಒಂದೊಂದೇ ಮಾತನ್ನು ಇಂಗ್ಲಿಷಿಗೆ ಮಾಡಿ ಹೇಳಿದೆ. ‘ನಿನ್ನನ್ನು ಕಾಯುತ್ತಲೇ ಇದ್ದಳು’ ಎಂಬಲ್ಲಿಗೆ ಬಂದಾಗ ಆಕೆ ಮುಖ ಮುಚ್ಚಿಕೊಂಡು ಅತ್ತರು. ಪಕ್ಕದ ಮೇಜಿನವರು ನನ್ನನ್ನೇ ದುರುಗುಟ್ಟಿಕೊಂಡು ನೋಡಿದರು.

ಮನೆಗೆ ಬಂದು ಮಲಗಿದವನಿಗೆ ನಿದ್ದೆ ಹತ್ತಲಿಲ್ಲ. ನೋವು ಮುಖದಲ್ಲೇ ಕಂಡಿರಬಹುದು. ಬೆರಳು ಎಣಿಸಿ ತೋರಿಸಿರಬಹುದು, ನಾನು ನೋಡಿಲ್ಲ. ಆದರೆ ಹಿಮ? ಹುಲ್ಲಿನ ಮೇಲಿನ ಇಬ್ಬನಿಯ ಹೊರತು ಬೇರೆ ಮಂಜನ್ನೇ ಕಾಣದವರು ಸಿದ್ದಮ್ಮ. ಕನಸು ಕಂಡೆನೆಂದು ತಳ್ಳಿಹಾಕೋಣವೆಂದರೆ ರತ್ನಮ್ಮನೂ ಅದೇ ಮಾತುಗಳನ್ನು ಕೇಳಿಸಿಕೊಂಡಿದ್ದರು.

ಮರುದಿನ ರತ್ನಮ್ಮ ಫೋನ್ ಮಾಡಿದಾಗ ನೀನೋ ಅವರ ತಾಯಿಯ ಕಥೆಯನ್ನು ಹೇಳಿದೆ. ಅವರು ಬೇಡಿಕೊಂಡದ್ದಕ್ಕೆ ನೀನೋ ಅವರನ್ನು ಮತ್ತೆ ಕರೆದುಕೊಂಡು ಹೋದೆ. ಆಕೆ ಅದೇ ಜಾಗದಲ್ಲಿ ಕೂತು, ತಮ್ಮ ಭಾಷೆಯಲ್ಲಿ ಅದನ್ನೇ ಮತ್ತೊಮ್ಮೆ ಹೇಳಿದರು. ಸಿದ್ದಮ್ಮ ಬೆಟ್ಟದ ಕಡೆ ನೋಡುತ್ತ ಕೂತೇ ಇದ್ದರು. ಸಂಜೆಯಾಯಿತು. ಆಕೆಗೂ ರತ್ನಮ್ಮನಿಗೂ ನನಗೂ ಸುಸ್ತಾಗಿತ್ತು.

ಹೊರಡುವಾಗ ರತ್ನಮ್ಮ ಆಟೋದವರೆಗೆ ಬಂದರು. ನೀನೋ ಹತ್ತಿ ಕೂತ ಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು:

“ಮೇಷ್ಟ್ರೇ, ಆಯಮ್ಮನ ಭಾಸೆ ನಮ್ಮತ್ತೆಗೆ ತಿಳೀತು. ಮೂರ್ ವರ್ಸದಿಂದ ದಿನಾ ಉಣ್ಣಾಕಿಕ್ಕಿ, ತಲೆ ಬಾಚಿ, ನಾನು ಕನ್ನಡದಾಗೇ ಮಾತಾಡ್ತಾ ಇವ್ನಿ. ಅದ್ಯಾಕೆ ತಿಳೀನಿಲ್ಲ?”

ಕೇಳಿದ್ದಕ್ಕೆಲ್ಲ ಉತ್ತರ ಹೇಳುವುದೇ ನನ್ನ ಕಸುಬು. ಅಂದು ಹೋಗಿ ಆಟೋ ಹತ್ತಿಬಿಟ್ಟೆ. ಆ ಊರಿನ ಕಡೆ ಹೋಗಬೇಕಾದಾಗಲೆಲ್ಲ ಈಗಲೂ ರತ್ನಮ್ಮನ ಬೀದಿಯನ್ನು ಬಳಸಿಕೊಂಡೇ ಹೋಗುತ್ತೇನೆ.