ಗೆರೆಯಮ್ಮ

ಆ ಶೆಡ್ಡಿನಿಂದ ಹೊರಟ ಯಾವ ಯಂತ್ರವನ್ನಾದರೂ ಬಗ್ಗಿ ನೋಡಿ, ಒಂದೊಂದು ನಟ್ಟಿನ ಮೇಲೂ ಸಣ್ಣದೊಂದು ಕೆಂಪು ಗೆರೆ ಇರುತ್ತದೆ. ನಟ್ಟಿನ ಮೇಲಿಂದ ಶುರುವಾಗಿ ಪಕ್ಕದ ಕಬ್ಬಿಣದ ಮೇಲಕ್ಕೆ ಇಳಿದ ಗೆರೆ. ಉಗುರಿಗೆ ಹಚ್ಚುವ ಬಣ್ಣ ಅದು. ಎಳೆದವಳು ಮೇಸ್ತ್ರಿಯ ಹೆಂಡತಿ. ಈಗ ಅವಳನ್ನು ಹೆಸರು ಹಿಡಿದು ಕರೆಯುವವರಿಲ್ಲ, ಎಲ್ಲರಿಗೂ ಗೆರೆಯಮ್ಮ.

ಶೆಡ್ಡು ಅವಳ ಭಾವನದು, ಅಂದರೆ ಮೇಸ್ತ್ರಿಯ ಅಣ್ಣನದು. ಅಲ್ಲಿರುವ ದೊಡ್ಡ ಯಂತ್ರ ಇಡೀ ಹೊಲವನ್ನು ಉಳುವುದಿಲ್ಲ. ಬೀಜ ಬೀಳುವ ಪಟ್ಟಿಯನ್ನಷ್ಟೇ ಸಡಿಲ ಮಾಡಿ, ಪಟ್ಟಿ ಪಟ್ಟಿಗಳ ನಡುವೆ ಹಳೆಯ ಬೆಳೆಯ ಕೂಳೆಯನ್ನು ಹಾಗೇ ಬಿಡುತ್ತದೆ. ಮುಂದೆ ಹಲ್ಲಿನ ಚಕ್ರಗಳು ಕಸವನ್ನು ಎರಡೂ ಪಕ್ಕಕ್ಕೆ ಸರಿಸುತ್ತವೆ, ಹಿಂದೆ ಬರುವ ಕುಳ ಮಣ್ಣನ್ನು ಸೀಳುತ್ತದೆ, ಅದರ ಹಿಂದಿನ ಜೋಡಿ ತಟ್ಟೆಗಳು ಮಣ್ಣನ್ನು ಸಣ್ಣ ದಿಂಡಾಗಿ ಕೂಡಿಸುತ್ತವೆ. ಮೊದಲ ಸಲ ನೋಡಿದಾಗ ಅವಳು, "ಹೊಲಕ್ಕೆ ಬೈತಲೆ ತೆಗೆದ ಹಾಗಿದೆ," ಎಂದಿದ್ದಳು. ಬೈತಲೆ ಸೊಟ್ಟಗಾದರೆ ಮುಂದೆ ಬಿತ್ತುವಾಗ ಬೀಜ ಕೂಳೆಯ ಮೇಲೆ ಬೀಳುತ್ತದೆ, ಮೊಳಕೆ ಮೇಲೇಳುವುದಿಲ್ಲ. ಹಾಗಾಗಿ ಕುಳಗಳು ಉದ್ದನೆಯ ಅಡ್ಡಪಟ್ಟಿಯ ಮೇಲೆ ಒಂದಿಷ್ಟೂ ಅಲ್ಲಾಡಬಾರದು. ಅವುಗಳನ್ನು ಹಿಡಿದಿಡುವುದು ನಟ್ಟುಗಳು.

ಒಂದು ವರ್ಷ ಅವಳಿಗೆ ಜ್ವರ ಹಿಡಿಯಿತು. ಜ್ವರ ಬಿಟ್ಟರೂ ನಿತ್ರಾಣ ಬಿಡಲಿಲ್ಲ. ಹಿಂದಿನ ಕೋಣೆಯ ಮಂಚದಲ್ಲಿ ಮಲಗಿ, ಕಿಟಕಿಯಾಚೆಯ ಶೆಡ್ಡಿನ ಸದ್ದು ಕೇಳುವುದೇ ಕೆಲಸವಾಯಿತು. ಸ್ಪ್ಯಾನರ್ ಬಿಗಿಯುವ ಸದ್ದಿನಲ್ಲೇ ಗಂಡನಿಗೆ ಹಸಿವೋ ಸಿಟ್ಟೋ ಎಂದು ಅವಳಿಗೆ ಗೊತ್ತಾಗುತ್ತಿತ್ತು. ಮೈಗೆ ಊಟ ಹತ್ತುತ್ತಿರಲಿಲ್ಲ. ತಾನು ಯಾರಿಗೂ ಬೇಡದ ಸಾಮಾನಾಗಿಬಿಟ್ಟೆ ಎಂಬ ಯೋಚನೆಯೇ ಅವಳನ್ನು ತಿನ್ನುತ್ತಿತ್ತು.

ಒಂದು ಬೆಳಿಗ್ಗೆ ಗೋಡೆ ಹಿಡಿದುಕೊಂಡು ಶೆಡ್ಡಿಗೆ ಬಂದು ಬೋರಲು ಹಾಕಿದ ಡಬ್ಬದ ಮೇಲೆ ಕೂತಳು. ಮೇಸ್ತ್ರಿ ನಟ್ಟು ಬಿಗಿಯುತ್ತಿದ್ದ. ಫೋನು ಬಂತು, ಮಾತಾಡಿ ಬಂದ, ತಲೆ ಕೆರೆದುಕೊಂಡ.

"ಎಲ್ಲಿವರೆಗೆ ಬಿಗಿದಿದ್ದೆ ಕಣೇ?"

"ನಿಮ್ಮ ಕೈ, ನಿಮ್ಮ ನಟ್ಟು. ನನ್ನ ಕೇಳಿದ್ರೆ?"

"ಸುಮ್ನೆ ನೋಡ್ತಾ ಕೂತಿದ್ದೆಯಲ್ಲ."

"ಬಿಗಿದಿದ್ದಕ್ಕೊಂದು ಗೆರೆ ಎಳ್ಕೊಳ್ಳಿ ರೀ. ಆಮೇಲೆ ನಟ್ಟು ತಿರುಗಿದ್ರೂ ಗೆರೆ ಮುರಿದು ಗೊತ್ತಾಗುತ್ತೆ."

ಸೀಮೆಸುಣ್ಣ ಗ್ರೀಸಿನ ಮೇಲೆ ನಿಲ್ಲಲಿಲ್ಲ. ಮಗಳ ಉಗುರಿನ ಬಣ್ಣ ನಿಂತಿತು. "ನನ್ನ ಬಾಟಲಿ ಯಂತ್ರ ಕುಡಿದುಬಿಡ್ತಾ?" ಎಂದು ಮಗಳು ಮುನಿಸಿಕೊಂಡಳು, ಇನ್ನೊಂದನ್ನೂ ತಾನೇ ತಂದುಕೊಟ್ಟಳು. ಅವನು ಬಿಗಿದ ಹಾಗೆ ಅವಳು ಎಳೆದ ಮೊದಲ ಗೆರೆಗಳು ಕೈನಡುಕಕ್ಕೆ ಇರುವೆಯ ಸಾಲಿನಂತೆ ಬಂದವು. ಬರಬರುತ್ತ ನೆಟ್ಟಗಾದವು. ಊಟವೂ ಸೇರತೊಡಗಿತು.

ಭಾವನಿಗೆ ಮಾತ್ರ ಇದು ಸರಿಬರಲಿಲ್ಲ. "ಶೆಡ್ಡು ಅಂದ್ರೆ ಆಸ್ಪತ್ರೆಯಲ್ಲ ತಮ್ಮಾ. ಏನಾದ್ರೂ ಎಡವಟ್ಟಾದ್ರೆ ಅವಳು ಒಳಗೆ ಮಲಗಲಿ," ಎಂದ. ಅವಳು ಕೇಳಿಸಿಕೊಂಡಳು. ಆ ಮಂಚವನ್ನು ನೆನೆದರೇ ಅವಳ ಎದೆ ಕುಸಿಯುತ್ತಿತ್ತು.

ಎಡವಟ್ಟು ಆಗಿಯೇ ಆಯಿತು. ಯಂತ್ರ ಹೊಲಕ್ಕೆ ಹೊರಡುವ ದಿನ ಮೇಸ್ತ್ರಿ ಬೇರಿಂಗಿಗೆ ಗ್ರೀಸು ತುಂಬಿ, ಸ್ಪ್ಯಾನರನ್ನು ಮೊಳೆಗೆ ನೇತುಹಾಕಿ ಊಟಕ್ಕೆ ಹೋದ. ಸ್ಪ್ಯಾನರ್ ಮೊಳೆಗೆ ಬಂತೆಂದರೆ ಕೆಲಸ ಮುಗಿಯಿತು ಎಂದು ಅವಳ ಲೆಕ್ಕ. ಅವನು ಬರುವಷ್ಟರಲ್ಲಿ ಮುಗಿಸೋಣವೆಂದು ಕಡೆಯ ಕುಳದ ನಟ್ಟುಗಳಿಗೂ ಗೆರೆ ಎಳೆದಳು. ಅವನು ಅವನ್ನಿನ್ನೂ ಕೈಯಲ್ಲಷ್ಟೇ ತಿರುಗಿಸಿ ಬಿಟ್ಟಿದ್ದ. ಉಂಡು ಬಂದವನು ಗೆರೆ ಕಂಡ. ಗೆರೆ ಇದೆಯೆಂದರೆ ಬಿಗಿದಾಯ್ತೆಂದು ಅವನ ಲೆಕ್ಕ. ಯಂತ್ರ ಟ್ರ್ಯಾಕ್ಟರಿನ ಹಿಂದೆ ಹೊರಟಿತು.

ಬಿಸಿಲು ಇಳಿಯುವ ಮೊದಲೇ ಟ್ರ್ಯಾಕ್ಟರು ವಾಪಸು ಬಂತು. ಡ್ರೈವರ್ ಇಳಿದು, "ಕಡೇ ಸಾಲು ಹಾವು ಹರಿದ ಹಾಗೆ ಹೋಯ್ತು," ಎಂದ. ಭಾವ ಬಗ್ಗಿ ನೋಡಿದ. ಕುಳ ಅಡ್ಡಪಟ್ಟಿಯ ಮೇಲೆ ಪಕ್ಕಕ್ಕೆ ಜಾರಿತ್ತು.

"ಇದನ್ನ ಬಿಗಿದವರು ಯಾರು?"

"ನಾನೇ ಅಣ್ಣ. ಮರೆತುಬಿಟ್ಟೆ," ಎಂದ ಮೇಸ್ತ್ರಿ, ಹೆಂಡತಿಯ ಕಡೆ ನೋಡದೆ.

ಅವಳು ಸುಮ್ಮನಿದ್ದರೆ ಡಬ್ಬದ ಮೇಲಿನ ಜಾಗ ಉಳಿಯುತ್ತಿತ್ತು, ಬೈಗುಳ ಗಂಡನ ಪಾಲಾಗುತ್ತಿತ್ತು. ಎದ್ದು ನಿಂತಳು.

"ಅವರಲ್ಲ ಭಾವ. ಬಿಗಿಯೋಕೆ ಮುಂಚೆ ನಾನೇ ಗೆರೆ ಎಳೆದೆ. ಅದನ್ನ ನಂಬಿ ಅವರು ಬಿಟ್ರು. ತಪ್ಪು ನನ್ನದು."

ಭಾವ ಕಿಟಕಿಯ ಕಡೆ, ಅದರಾಚೆಯ ಮಂಚದ ಕಡೆ ನೋಡಿದ. ಅವನು ಬಾಯಿ ತೆರೆಯುವ ಮೊದಲೇ ಡ್ರೈವರ್ ಗಂಟಲು ಸರಿಮಾಡಿಕೊಂಡ.

"ಒಂದ್ಮಾತು ಯಜಮಾನ್ರೇ. ಸಾಲು ಸೊಟ್ಟಗಾದಾಗ ನಾನು ಕಲ್ಲು ಸಿಕ್ಕಿರಬೇಕು ಅಂತ ಹೊರಟುಬಿಡ್ತಿದ್ದೆ. ಇಳಿದು ನೋಡಿದ್ರೆ ಗೆರೆ ಮುರಿದು ಎರಡು ತುಂಡಾಗಿತ್ತು. ಕಣ್ಣಿಗೆ ರಾಚ್ತು. ಅದಿಲ್ದಿದ್ರೆ ಕುಳ ಕಳಚಿ ಹೊಲದಲ್ಲೇ ಹೂತುಹೋಗ್ತಿತ್ತು, ನೀವೂ ನಾನೂ ಗುದ್ದಲಿ ಹಿಡ್ಕೊಂಡು ಹುಡುಕ್ಬೇಕಿತ್ತು. ಈಗ ಅರ್ಧ ಸಾಲು ಮತ್ತೆ ಹೊಡೆದ್ರೆ ಆಯ್ತು."

ಭಾವ ಮುರಿದ ಗೆರೆಯನ್ನು ಹೆಬ್ಬೆರಳಿನಿಂದ ಸವರಿದ. ಆಮೇಲೆ ಸ್ಪ್ಯಾನರನ್ನು ಮೊಳೆಯಿಂದ ತೆಗೆದು ತಮ್ಮನಿಗೆ ಕೊಡದೆ ಅವಳ ಕೈಗಿಟ್ಟ.

"ಇನ್ಮೇಲೆ ಅವನು ಬಿಗಿದ ಮೇಲೆ ನೀನೊಂದ್ಸಲ ಇದ್ರಲ್ಲಿ ನಟ್ಟು ತಿರುಗಿಸಿ ನೋಡು. ಜಗ್ಗಲಿಲ್ಲ ಅಂದ್ರೆ ಮಾತ್ರ ಗೆರೆ."

"ಭಾವ, ನನ್ನ ಕೈಯಲ್ಲಿ ಅಷ್ಟು ಬಲ..."

"ಬರುತ್ತೆ. ಬರದೆ ಎಲ್ಲಿಗೆ ಹೋಗುತ್ತೆ?"

ಬಲ ಬಂತು. ಅವಳ ತೋಳು ನೋಡಿದವರು ಜ್ವರದ ಕತೆಯನ್ನು ನಂಬುವುದಿಲ್ಲ. ಮಂಚವನ್ನು ಮಗಳ ಕೋಣೆಗೆ ಸಾಗಿಸಿ, ಕಿಟಕಿಯ ಕೆಳಗೆ ಹಳೆಯ ಬೇರಿಂಗುಗಳ ಪೆಟ್ಟಿಗೆ ಇಟ್ಟಿದ್ದಾರೆ. ತನ್ನ ಮೇಲೆ ತಪ್ಪು ಹಾಕಿಕೊಳ್ಳಹೊರಟ ಗಂಡನನ್ನು, ಕೆಳಗಿಳಿದು ನೋಡಿದ ಡ್ರೈವರನನ್ನು ಅವಳು ಬಾಯಿಬಿಟ್ಟು ಹೊಗಳುವವಳಲ್ಲ. ಆದರೆ ಶೆಡ್ಡಿನಲ್ಲಿ ಮೊದಲ ಲೋಟ ಚಹಾ ಇಂದಿಗೂ ಡ್ರೈವರನಿಗೇ. "ನನಗ್ಯಾವಾಗ?" ಎಂದು ಮೇಸ್ತ್ರಿ ಕೇಳಿದರೆ, "ನಿಮಗೆ ನಾನೇ ಇದೀನಲ್ಲ," ಎನ್ನುತ್ತಾಳೆ.

ಬಣ್ಣ ಮುಗಿದಾಗ ತರುವವನು ಭಾವ. ಮೊದಲ ಸಲ ಅಂಗಡಿಯಲ್ಲಿ ಉಗುರಿನ ಬಣ್ಣ ಕೇಳಿದಾಗ, ಅಲ್ಲಿದ್ದ ಹೆಂಗಸು ಅವನ ನರೆತ ಮೀಸೆಯನ್ನು ನೋಡಿ, "ಯಾರಿಗೆ ಸಾರ್?" ಎಂದಳಂತೆ.

"ನಮ್ಮ ಯಂತ್ರಕ್ಕೆ," ಎಂದನಂತೆ ಭಾವ. "ಕೆಂಪೇ ಕೊಡಿ. ನಮ್ಮ ಗೆರೆಯಮ್ಮ ಬೇರೆ ಬಣ್ಣ ಮುಟ್ಟಲ್ಲ."