ಕೌದಿ ಪುಟಗಳು ಯಾರವು?

ಅಣ್ಣತಮ್ಮಂದಿರು ಬೇರೆಯಾಗುವಾಗ ಹಂಡೆ ಒಬ್ಬನಿಗೆ ಹೋದರೆ ಕೊಪ್ಪರಿಗೆ ಇನ್ನೊಬ್ಬನಿಗೆ. ಅಂತರ್ಜಾಲದ ವಿಕಿ ಬೇರೆಯಾಗುವಾಗ ಹಾಗಲ್ಲ, ಇಬ್ಬರಿಗೂ ಎಲ್ಲವೂ ಪೂರ್ತಿ ಸಿಗುತ್ತದೆ ಎಂದು ನಾನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. "ಇಬ್ಬರಿಗೂ ಪೂರಾ ಸಿಗೂ ಪಾಲು ಯಾವ ಊರಾಗ ಕಂಡೀರಿ? ನಿಮಗ ಯಾರೋ ಟೋಪಿ ಹಾಕ್ಯಾರ" ಎಂದಳು. ನನಗೆ ಯಾರೂ ಟೋಪಿ ಹಾಕಿರಲಿಲ್ಲ. ಹಾಕಿದ್ದವನು ನಾನೇ, ಅದೂ ಇನ್ನೊಬ್ಬರಿಗೆ. ಅದು ಆಮೇಲೆ ಗೊತ್ತಾಯಿತು.

ವಿಷಯ ಇಷ್ಟು. ನಾನು ಯಾದಗಿರಿಯಲ್ಲಿ ಕನ್ನಡ ಮಾಸ್ತರ. ನಮ್ಮ ಕಡೆಯ ಅಡಿಗೆ, ಕಸುಬು, ಹಾಡು, ಗಾದೆಗಳನ್ನು ಕೂಡಿಹಾಕಲು ನಾವು ನಾಲ್ಕೈದು ಜನ ಸೇರಿ ಒಂದು ವಿಕಿ ಮಾಡಿದ್ದೆವು. ವಿಕಿ ಅಂದರೆ ಯಾರು ಬೇಕಾದರೂ ಬರೆಯಬಹುದಾದ, ಯಾರು ಬೇಕಾದರೂ ತಿದ್ದಬಹುದಾದ ಜಾಲತಾಣ. ಅದು ಪುಕ್ಕಟೆ ಸಿಕ್ಕ ಜಾಗ. ಪುಕ್ಕಟೆ ಅಂದಮೇಲೆ ಜಾಹೀರಾತು ಬರದೆ ಇರುತ್ತವೆಯೇ? ಎಣ್ಣೆಗಾಯಿ ಮಾಡುವ ಬಗೆ ಓದಲು ಹೋದರೆ ಬೊಜ್ಜು ಕರಗಿಸುವ ಪುಡಿಯ ಜಾಹೀರಾತು ಬದನೆಕಾಯಿಯ ಚಿತ್ರವನ್ನೇ ಮುಚ್ಚಿಕೊಂಡು ಕೂತಿರುತ್ತಿತ್ತು. ನನಗೆ ಮೊದಲೇ ಸಿಟ್ಟು ಮೂಗಿನ ತುದಿಯಲ್ಲಿ. ಎಲ್ಲವನ್ನೂ ನಕಲು ಮಾಡಿಕೊಂಡು ನಮ್ಮದೇ ಜಾಗಕ್ಕೆ ಹೋಗಿಬಿಡೋಣ ಎಂದು ಹಟ ಹಿಡಿದೆ.

ಶಹಾಪುರದ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಮೇಡಂ ಒಬ್ಬರು ನಮ್ಮ ಗುಂಪಿನಲ್ಲಿದ್ದರು. ಒಬ್ಬರ ಬರಹವನ್ನು ಇನ್ನೊಬ್ಬರು ಹೇಗೆ ಬಳಸಬಹುದು ಎಂದು ಹೇಳುವ ಲೈಸೆನ್ಸಿನ ಸೂಕ್ಷ್ಮ ತಿಳಿದವರು ಅವರೊಬ್ಬರೇ. "ತಗೊಂಡು ಹೋಗಾಕ ಅಡ್ಡಿಯಿಲ್ರಿ ಸರ್. ನಮ್ಮ ಲೈಸೆನ್ಸ್ ಮುಕ್ತ ಅದ. ಎರಡೇ ಕರಾರು. ಬರದವರ ಹೆಸರು ಸಂಗಡ ಹೋಗಬೇಕು, ಹೊಸ ಜಾಗದಾಗೂ ಇದೇ ಲೈಸೆನ್ಸ್ ಇರಬೇಕು" ಎಂದರು. ಹೆಸರುಗಳ ಪಟ್ಟಿ ತೆಗೆದು ನೋಡಿ ನನಗೆ ಒಳಗೊಳಗೇ ಹಿಗ್ಗು. ಹಳೆಯ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಕೌದಿಯ ಪುಟಗಳಲ್ಲೆಲ್ಲ ನನ್ನದೇ ಹೆಸರು, ಜನ ನಮ್ಮ ವಿಕಿಗೆ ಬರುತ್ತಿದ್ದದ್ದೇ ಆ ಪುಟಗಳಿಗಾಗಿ. ಹಳೆಯ ಸೀರೆಯನ್ನು ಹೇಗೆ ಒಗೆದು ಗಂಜಿ ತೆಗೆಯಬೇಕು, ಯಾವ ತುಂಡು ಯಾವ ಮಗ್ಗುಲಿಗೆ ಬರಬೇಕು, ಕೌದಿ ಹಸಿದಿರಬಾರದೆಂದು ಕೊನೆಯ ಮೂಲೆಯೊಳಗೆ ರೊಟ್ಟಿಯ ಚೂರಿಟ್ಟು ಹೊಲಿಯುವುದು ಹೇಗೆ, ಎಲ್ಲ ಅಲ್ಲಿತ್ತು. ಅದಕ್ಕಾಗಿ ನನಗೊಮ್ಮೆ ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದ್ದರು.

"ಇದೆಲ್ಲ ನಿಮಗ ಹೆಂಗ ಗೊತ್ತು ಸರ್?" ಮೇಡಂ ಕೇಳಿದರು.

ಸುರಪುರದಲ್ಲಿ ಕೌದಿ ಹೊಲಿಯುವ ಅಕ್ಕ ಒಬ್ಬರಿದ್ದಾರೆ, ಕೈಯಲ್ಲಿ ಸೂಜಿ ಇರುವುದರಿಂದ ಎಲ್ಲವನ್ನೂ ಫೋನಿಗೆ ಮಾತಾಡಿ ಕಳಿಸುತ್ತಿದ್ದರು, ನಾನು ಕೇಳಿ ಕೇಳಿ ಟೈಪ್ ಮಾಡಿದೆ ಎಂದೆ.

"ಹಂಗಾರ ಬರದವರು ನೀವಲ್ರಿ, ಅವರು. ಲೈಸೆನ್ಸಿಗೆ ಒಪ್ಪೀನಿ ಅಂತ ಅವರು ಎಂದಾದ್ರೂ ಹೇಳ್ಯಾರೇನು?"

ಎಲ್ಲಿ ಹೇಳುವುದು? ಒಪ್ಪಿಗೆಯ ಗುಂಡಿ ಒತ್ತಿದವನೂ ನಾನೇ. ಅಕ್ಕ ಒಪ್ಪದಿದ್ದರೆ ಆ ಪುಟಗಳನ್ನು ಹೊಸ ಜಾಗಕ್ಕೆ ಒಯ್ಯುವಂತಿಲ್ಲ, ಹಳೆಯದರಿಂದಲೂ ಅಳಿಸಬೇಕು ಎಂದರು ಮೇಡಂ. ಕೌದಿ ಪುಟಗಳು ಹೋದರೆ ನಮ್ಮ ವಿಕಿಯಲ್ಲಿ ಉಳಿಯುವುದೇನು, ನನ್ನ ಗಾದೆ ಸಂಗ್ರಹವೇ? ಅದನ್ನು ನನ್ನ ಹೆಂಡತಿಯೂ ಓದಿಲ್ಲ.

ರವಿವಾರ ಸುರಪುರದ ಬಸ್ಸು ಹತ್ತಿದೆ. ಅಕ್ಕ ಪಡಸಾಲೆಯ ತುಂಬ ಕೌದಿ ಹರಡಿಕೊಂಡು ಕೂತಿದ್ದರು. "ಬರ್ರಿ ಮಾಸ್ತರ, ಕೌದಿ ತುಳೀಬ್ಯಾಡ್ರಿ" ಎಂದು ಚಾಪೆ ತೋರಿಸಿದರು. ನಾನು ಸುತ್ತಿ ಬಳಸಿ ಏನೇನೋ ಮಾತಾಡಿ, ಕೊನೆಗೆ ಫೋನಿನಲ್ಲಿ ಪುಟದ ಇತಿಹಾಸ ತೆಗೆದು ಕೊಟ್ಟೆ. ಯಾವ ಸಾಲನ್ನು ಯಾರು ಬರೆದರು ಎಂಬುದು ಅಲ್ಲಿರುತ್ತದೆ. ಅಕ್ಕ ಕನ್ನಡಕ ಏರಿಸಿಕೊಂಡು ಬೆರಳಾಡಿಸುತ್ತ ಹೋದರು. ಮೇಲಿನಿಂದ ಕೆಳಗಿನವರೆಗೆ ನನ್ನ ಹೆಸರು.

"ಇದೆಲ್ಲ ನೀವ ಬರದೀರೇನು?"

"ಟೈಪ್ ಮಾಡಿದವ ನಾನ ಅಲ್ರಿ ಅಕ್ಕಾ, ಅದಕ್ಕ..."

"ಹಂಗಾರ ಈ ಕೌದಿ ಹೊಲಿದದ್ದು ಸೂಜಿ. ನಾನಲ್ಲ."

ನಕಲು ಮಾಡಬೇಡಿರೆಂದು ಇಷ್ಟು ವರ್ಷ ಮಕ್ಕಳ ಕಿವಿ ಹಿಂಡಿದವನು ನಾನು. ತಪ್ಪಾಯಿತು ಎಂದೆ. ಆಮೇಲೆ ಲೈಸೆನ್ಸನ್ನು ಬಿಡಿಸಿ ಹೇಳಿದೆ. ಒಪ್ಪಿದರೆ ಯಾರು ಬೇಕಾದರೂ ಈ ಪುಟಗಳನ್ನು ತೆಗೆದುಕೊಳ್ಳಬಹುದು, ಪುಸ್ತಕ ಮಾಡಿ ಮಾರಲೂಬಹುದು, ಹೆಸರು ಮಾತ್ರ ಹಾಕಲೇಬೇಕು. ಒಮ್ಮೆ ಕೊಟ್ಟದ್ದನ್ನು ವಾಪಸು ಪಡೆಯಲು ಬರುವುದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

"ಕೊಟ್ಟವ ಕೋಡಂಗಿ, ಇಸಗೊಂಡವ ವೀರಭದ್ರ" ಎಂದು ಅಕ್ಕ ಹಲ್ಲಿನಿಂದ ದಾರ ಕಡಿದರು. ಮತ್ತೆ ಹೊಲಿಯತೊಡಗಿದರು. ಬೇಡ ಅಂದರೆ ಏನು ಗತಿ ಎಂದು ನಾನು ಹೊಲಿಗೆಗಳನ್ನು ಎಣಿಸತೊಡಗಿದೆ. ಒಂದು ಸಾಲು ಮುಗಿದ ಮೇಲೆ ಅಕ್ಕ ತಲೆ ಎತ್ತಿದರು. "ನಮ್ಮತ್ತಿ ನನಗ ಕಲಿಸುವಾಗ ಏನೂ ಕೇಳಿರಲಿಲ್ಲ. ತಗೊಂಡು ಹೋಗ್ರಿ. ಆದ್ರ ನಮ್ಮತ್ತಿ ಹೆಸರು ಮೊದಲ ಹಾಕ್ರಿ, ಆಮ್ಯಾಲ ನಂದು."

"ಮತ್ತ ನಂದು?" ಬಾಯಿ ತಪ್ಪಿ ಕೇಳಿಬಿಟ್ಟೆ. ಮಾನ ಹೋದರೂ ಆಸೆ ಹೋಗಲಿಲ್ಲ ನೋಡಿ.

ಅಕ್ಕ ನಕ್ಕರು. "ನಿಮ್ಮದೂ ಇರ್ಲಿ ಬಿಡ್ರಿ, ಟೈಪ್ ಮಾಡಿದವ ಅಂತ. ಆದ್ರ ಈ ಸಲ ಗುಂಡಿ ನಾನ ಒತ್ತತೀನಿ."

ಹಾಗೆಯೇ ತಮ್ಮ ಫೋನಿನಲ್ಲಿ, ತಮ್ಮ ಹೆಸರಿನಲ್ಲಿ ಹೊಸ ವಿಕಿಯ ಖಾತೆ ತೆರೆದು ತಾವೇ ಒತ್ತಿದರು. ಪುಟಗಳೆಲ್ಲ ಹೊಸ ಜಾಗಕ್ಕೆ ಬಂದವು. ಅತ್ತೆಯ ಹೆಸರು ಮೊದಲು, ಸೊಸೆಯ ಹೆಸರು ಆಮೇಲೆ, ನನ್ನದು ಕೆಳಗೆ ಸಣ್ಣ ಅಕ್ಷರದಲ್ಲಿ.

ಎರಡು ದಿನ ಬಿಟ್ಟು ನೋಡಿದರೆ ಅಕ್ಕನ ಹೆಸರಿನಲ್ಲಿ ಮೊದಲ ತಿದ್ದುಪಡಿ ಬಂದಿತ್ತು. ಆ ಪುಟಗಳಲ್ಲಿ ಅಕ್ಕ ಹೇಳದೆ ನಾನೇ ಸ್ವಂತ ಬರೆದಿದ್ದ ವಾಕ್ಯ ಒಂದೇ ಒಂದು, ಮೊಟ್ಟಮೊದಲನೆಯದು: "ಕೌದಿಯು ನಮ್ಮ ಹೆಣ್ಣುಮಕ್ಕಳು ಬಿಡುವಿನ ವೇಳೆಯಲ್ಲಿ ಹೊಲಿಯುವ ಹೊದಿಕೆ." ಅದರಲ್ಲಿ "ಬಿಡುವಿನ ವೇಳೆಯಲ್ಲಿ" ಎಂಬುದನ್ನು ಅಳಿಸಿದ್ದರು. ತಿದ್ದಿದ ಕಾರಣ ಬರೆಯುವ ಜಾಗದಲ್ಲಿ ಹೀಗಿತ್ತು: "ಅಂಥಾ ವ್ಯಾಳೆ ನಾ ಎಂದೂ ನೋಡಿಲ್ಲ ಮಾಸ್ತರ."